ಇಪ್ಪತ್ತು ಕಿಲೋದಲ್ಲಿ ಒಂದು ಕೆಟ್ಟ ಬೀಜ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಕಡೆಯಿಂದ ಮಧುಗಿರಿ, ಪಾವಗಡದವರೆಗೂ ಮಳೆ ನಂಬಿದ ಹೊಲಗಳಲ್ಲಿ ಕಡಲೆಕಾಯಿ ಹಳೆಯ ಬೆಳೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ, ಮಣ್ಣಿನಲ್ಲೇ ಇರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೀಜದೊಳಕ್ಕೆ ಇಳಿಯುತ್ತದೆ. ಅದು ಬಿಡುವ ವಿಷವೇ ಅಫ್ಲಾಟಾಕ್ಸಿನ್. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್ಲಿನಿಂದ ಬಂದ ಕಡಲೆಕಾಯಿ ಹಿಂಡಿಯ ಜಾಡು ಹಿಡಿದವರಿಗೆ ಇದು ಸಿಕ್ಕಿತು.

ವಿಷವನ್ನು ಅಳೆಯುವ ಉಪಕರಣಗಳು ಬಲು ಚುರುಕು. ಎಡವಟ್ಟಾಗುವುದು ಅದಕ್ಕೂ ಮೊದಲು, ಮಾದರಿ ತೆಗೆಯುವಾಗ, ಅರೆಯುವಾಗ.

ಏಕೆಂದರೆ ಅಫ್ಲಾಟಾಕ್ಸಿನ್ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಬೀಜ ಚೊಕ್ಕ, ಎಲ್ಲೋ ಒಂದರಲ್ಲಿ ಮಾತ್ರ ವಿಷ ಮಡುಗಟ್ಟಿರುತ್ತದೆ. ನೇರವಾಗಿ ತಿನ್ನುವ ಕಡಲೆಬೀಜಕ್ಕೆ ಐರೋಪ್ಯ ಒಕ್ಕೂಟದ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಬಿಡಿ ಬೀಜದಲ್ಲಿ ವಿಷ ಕಿಲೋಗೆ ಹತ್ತು ಲಕ್ಷ ಮೈಕ್ರೋಗ್ರಾಂ ಮಟ್ಟ ಮುಟ್ಟಿದ್ದೂ ದಾಖಲಾಗಿದೆ. ಲೆಕ್ಕ ಹಾಕಿ ನೋಡಿ: ಅಂಥ ಅರ್ಧ ಗ್ರಾಂ ಬೀಜದಲ್ಲಿ 500 ಮೈಕ್ರೋಗ್ರಾಂ ವಿಷ. ಅದೊಂದೇ ಸೇರಿದರೂ 20 ಕಿಲೋ ಬೀಜದ ಸರಾಸರಿ ಕಿಲೋಗೆ 25 ಮೈಕ್ರೋಗ್ರಾಂಗೆ ಏರುತ್ತದೆ. ಮೇಲಿನ ಒಂದು ಹಿಡಿಯನ್ನಷ್ಟೇ ಪರೀಕ್ಷಿಸಿದರೆ ಇಡೀ ಲೋಡು ಪಾಸು! ಅದಕ್ಕೇ ಐರೋಪ್ಯ ಒಕ್ಕೂಟದ ನಿಯಮದಂತೆ ದೊಡ್ಡ ಲೋಡಿನ ನೂರು ಕಡೆಯಿಂದ ತೆಗೆದು 20 ಕಿಲೋ ಕೂಡಿಸುತ್ತಾರೆ.

ಅಷ್ಟನ್ನೂ ಒಣಗಿದ್ದ ಹಾಗೇ ಅರೆದರೆ ಕಷ್ಟ. ಅಲಗು ಬಿಸಿಯಾಗಿ, ಬೀಜ ಎಣ್ಣೆ ಬಿಟ್ಟು, ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ನೀರು ಸೇರಿಸಿ ವೇಗದ ಬ್ಲೆಂಡರಿನಲ್ಲಿ ರುಬ್ಬಿದರೆ ಕಣಗಳು ನುಣ್ಣಗಾಗಿ, ಎಲ್ಲಿಂದ ನಾಲ್ಕು ಚಮಚ ತೆಗೆದರೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ವಿಷದ ಧೂಳು ಎದ್ದು ಕೆಲಸದವರ ಮೂಗಿಗೆ ಹೋಗುವುದೂ ತಪ್ಪುತ್ತದೆ. ಒಣದಾಗಿಯೇ ಅರೆಯಬೇಕಾದಲ್ಲಿ ಮಾಸ್ಕ್, ಕೈಗವಸು, ಗಾಳಿ ಹೀರುವ ಕಪಾಟು ಬೇಕೇ ಬೇಕು.

ಇನ್ನೊಂದು ಕಾಟ ಹಿಂದಿನ ಮಾದರಿಯ ಉಳಿಕೆ. ಬೆಳ್ಳುಳ್ಳಿ ಚಟ್ನಿ ಮಾಡಿದ ಮಿಕ್ಸಿ ಜಾರಿನಲ್ಲಿ ಮರುದಿನದ ಕಾಯಿಚಟ್ನಿಯೂ ಬೆಳ್ಳುಳ್ಳಿ ನಾರುತ್ತದಲ್ಲ, ಹಾಗೆ. ಬ್ಲೀಚಿಂಗ್ ದ್ರಾವಣ ಅಫ್ಲಾಟಾಕ್ಸಿನ್ನನ್ನು ಒಡೆಯುವುದರಿಂದ ಪಾತ್ರೆ, ಅಲಗುಗಳನ್ನು ಅದರಿಂದ ತೊಳೆದು, ನೀರಲ್ಲಿ ಜಾಲಿಸಿ, ಚೊಕ್ಕ ಬೀಜವನ್ನೊಮ್ಮೆ ಅರೆದು ನೋಡುತ್ತಾರೆ. ಒಮ್ಮೆ ಬಳಸಿ ಎಸೆಯುವ, ಬಿಗಿ ಮುಚ್ಚಳದ ಅರೆಯುವ ಟ್ಯೂಬುಗಳೂ ಇವೆ. ಮಾಂಸದ ಚೂರಿಗೆ, ಎಲೆಯ ತುಣುಕಿಗೆ ಅವು ಸೊಗಸು. ಕಿಲೋಗಟ್ಟಲೆ ಕಡಲೆಬೀಜದ ಮುಂದೆ ಆಟಿಕೆ.

ಕಡಲೆಕಾಯಿಯನ್ನು ಪರೀಕ್ಷೆಗೆ ಕಳಿಸುವ ರೈತರೂ ವರ್ತಕರೂ ಒಂದೇ ಚೀಲದ ಬಾಯಿಂದ ಹಿಡಿ ತುಂಬಬೇಡಿ. ಹಲವು ಚೀಲಗಳ ಮೇಲಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ, ಚೆನ್ನಾಗಿ ಒಣಗಿದ ಮೇಲೆ ಕಳಿಸಿ.