ನಿಮಗಿದು ಗೊತ್ತೆ? ದೀಪಾವಳಿಗೆ ಮಕ್ಕಳು ಕಟ್ಟುವ ಕೋಟೆ

ನಾಸಿಕ್, ಛತ್ರಪತಿ ಸಂಭಾಜಿನಗರ ಸೇರಿದಂತೆ ಮಹಾರಾಷ್ಟ್ರದ ಊರುಗಳಲ್ಲಿ ದೀಪಾವಳಿ ರಜೆ ಬಂತೆಂದರೆ ಮಕ್ಕಳು ಅಂಗಳದಲ್ಲಿ ಮಣ್ಣಿನ ‘ಕಿಲ್ಲಾ’ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಹಳೆಯ ಗೋಣಿಚೀಲ ಹೊದಿಸಿ, ಕಲಸಿದ ಮಣ್ಣು ಮೆತ್ತಿದರೆ ಬೆಟ್ಟ ಸಿದ್ಧ. ಅದರ ಮೇಲೆ ಚೆಲ್ಲಿದ ಸಾಸಿವೆ ಕೆಲವೇ ದಿನಗಳಲ್ಲಿ ಮೊಳೆತು ಕಾಡಾಗುತ್ತದೆ. ಪುಟ್ಟ ಮಕ್ಕಳಿಗೆ ಇದಕ್ಕಿಂತ ಚೆಂದದ ವಿಜ್ಞಾನ ಪಾಠ ಸಿಗುವುದು ಅಪರೂಪ. ತುದಿಯ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಬುರುಜುಗಳ ಬಳಿ ‘ಮಾವಳೆ’ ಎನಿಸಿದ ಅವರ ಸೈನಿಕರ ಮಣ್ಣಿನ ಗೊಂಬೆಗಳು. ನಿಜವಾದ ಕೋಟೆಗಳೂ ಹತ್ತಿರದಲ್ಲೇ ಇವೆ: ಸಂಭಾಜಿನಗರದ ಬಳಿ ಬಂಡೆ ಕೊರೆದ ಕಂದಕದ ದೌಲತಾಬಾದ್, ನಾಸಿಕ್ ಜಿಲ್ಲೆಯಲ್ಲಿ 1,567 ಮೀಟರ್ ಎತ್ತರದ ಸಾಲ್ಹೇರ್. ಸಾಲ್ಹೇರ್ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಬೆಳಗಾವಿಯ ಗಲ್ಲಿಗಳಲ್ಲೂ ಇದೇ ಹಬ್ಬಕ್ಕೆ ಮಕ್ಕಳ ಕೋಟೆಗಳು ಏಳುತ್ತವೆ.