ಬಂಗುಡೆ ತುಟ್ಟಿ ಅನ್ನೋರು ಮಲ್ಪೆ ಧಕ್ಕೆ ನೋಡಲಿ

ಶಿವರಾತ್ರಿ ಕಳೆದು ಚಳಿ ಶಿವಶಿವಾ ಅಂತ ಓಡಿಹೋಯಿತೆಂದರೆ ಹಾಸನದ ಮೀನಂಗಡಿಗಳ ಮುಂದೆ ವರ್ಷವೂ ಒಂದೇ ಜಗಳ. “ಏನಣ್ಣಾ, ಹೋದ ತಿಂಗಳು ಅಷ್ಟಿತ್ತು, ಈಗ ಇಷ್ಟಾ?” “ಮಾಲೇ ಬರ್ತಿಲ್ಲ ಕಣಣ್ಣ.” ಕೊಳ್ಳುವವರು ನಂಬೋದಿಲ್ಲ. ನಂಬದಿರಲಿಕ್ಕೆ ಕಾರಣವೂ ಇದೆ. ರಾತ್ರಿ ಶಿರಾಡಿ ಘಾಟಿ ಹತ್ತುವ ಮೀನಿನ ಲಾರಿಗಳು ಸಕಲೇಶಪುರ, ಹಾಸನ ದಾಟಿ ಬೂವನಹಳ್ಳಿ ಕಡೆಯಿಂದ ಬೆಂಗಳೂರಿಗೆ ಓಡುವುದನ್ನು ಎಲ್ಲರೂ ಕಂಡಿದ್ದಾರೆ. ಐಸ್ ಕರಗಿದ ನೀರು ರಸ್ತೆಗೆ ಸುರಿಯುತ್ತಿದ್ದರೆ ಹಿಂದೆ ಬರುವ ಬೈಕಿನವನಿಗೆ ಮನೆ ಸೇರಿದರೂ ವಾಸನೆ ಬಿಡೋದಿಲ್ಲ. ಇಷ್ಟು ಲಾರಿ ಓಡುವಾಗ ಮಾಲಿಲ್ಲ ಅಂದರೆ ಕೇಳೋರು ಯಾರು?

ಆದರೂ ಅಂಗಡಿಯವನ ಮಾತು ಸುಳ್ಳಲ್ಲ. ಅದರ ಕಾರಣ ಇಲ್ಲಿಂದ ಸುಮಾರು ೨೩೦ ಕಿಲೋಮೀಟರ್ ಆಚೆ, ಉಡುಪಿ ಪಕ್ಕದ ಮಲ್ಪೆ ಬಂದರಿನಲ್ಲಿದೆ.

ಕಡಲು ಕಾದಾಗ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ವರ್ಷ ಶುರುವಾಗೋದು ಆಗಸ್ಟ್‌ನಲ್ಲಿ. ಮಳೆಗಾಲದ ಗಾಳಿಗೆ ಕಡಲಿನ ತಳದ ತಣ್ಣೀರು ಮೇಲೆದ್ದು, ಮೀನಿಗೆ ಬೇಕಾದ ಆಹಾರವನ್ನೂ ಮೇಲಕ್ಕೆ ತಂದಿರುತ್ತದೆ. ಹಾಗಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಬಂಗುಡೆ, ಬೂತಾಯಿ ಹಿಂಡುಹಿಂಡಾಗಿ ದಡದ ಕಡೆ ಬರುತ್ತವೆ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಮೇಲ್ನೀರು ಕಾಯುತ್ತದೆ. ಹಿಂಡು ಚೆದುರಿ ಆಳಕ್ಕೆ ಇಳಿಯುತ್ತದೆ. ಕರಾವಳಿಯ ಪತ್ರಿಕೆಗಳು ಇದಕ್ಕೆ ‘ಮತ್ಸ್ಯಕ್ಷಾಮ’ ಅನ್ನುತ್ತವೆ. ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳಿಗೆ ಹಿಂಡೇ ಇಲ್ಲದ ಮೇಲೆ ಕೆಲಸವೇನು? ಡೀಸೆಲ್ ಸುಟ್ಟು ಬರಿಗೈಯಲ್ಲಿ ಬರೋದಕ್ಕಿಂತ ಕಟ್ಟಿಹಾಕುವುದೇ ವಾಸಿ ಅಂತ ಎಷ್ಟೋ ಬೋಟು ಧಕ್ಕೆಯಲ್ಲೇ ನಿಲ್ಲುತ್ತವೆ.

ಆಳಸಮುದ್ರದ ಟ್ರಾಲ್ ಬೋಟಿನವರು ಮಾತ್ರ ಹೋಗಲೇಬೇಕು. ಒಂದು ಸಲ ಹೊರಟರೆ ವಾರ, ಹತ್ತು ದಿನ ದಡ ಕಾಣೋದಿಲ್ಲ. ಸಾವಿರಾರು ಲೀಟರ್ ಡೀಸೆಲ್, ಟನ್‌ಗಟ್ಟಲೆ ಐಸ್, ಅಕ್ಕಿ, ಕುಡಿಯೋ ನೀರು ಎಲ್ಲ ಮೊದಲೇ ತುಂಬಬೇಕು. ಅದೂ ಬಹಳ ಕಡೆ ಸಾಲದಲ್ಲೇ. ನಮ್ಮ ಜಿಲ್ಲೆಯ ಆಲೂಗಡ್ಡೆ ರೈತ ಬಿತ್ತನೆ ಗೆಡ್ಡೆ, ಗೊಬ್ಬರ ಸಾಲ ತಂದು ಹೊಲಕ್ಕೆ ಹಾಕಿ ಅಂಗಮಾರಿ ಬರದಿರಲಿ ಅಂತ ಕೈಮುಗಿದು ಕೂರುತ್ತಾನಲ್ಲ, ಅದೇ ಲೆಕ್ಕ. ರೈತನಿಗೆ ಹೊಲ ಕಣ್ಣಿಗೆ ಕಾಣುತ್ತೆ, ಇವರಿಗೆ ಅದೂ ಇಲ್ಲ.

ಬೋಟಿನ ಯಜಮಾನಿಕೆ ತಾಂಡೇಲನದು. ಅವನ ಜೊತೆ ಏಳೆಂಟು ಜನ. ಹಿಂದೆ ಊರಿನ ಮೊಗವೀರರೇ ತುಂಬಿರುತ್ತಿದ್ದ ಬೋಟುಗಳಲ್ಲಿ ಈಗ ಉತ್ತರ ಕನ್ನಡದವರು, ಆಂಧ್ರದವರು, ಒಡಿಶಾ, ಜಾರ್ಖಂಡ್‌ನ ಹುಡುಗರು ಇದ್ದಾರೆ. ಕಡಲೇ ಇಲ್ಲದ ಜಾರ್ಖಂಡ್‌ನವನು ಕಡಲಲ್ಲಿ ಅನ್ನ ಹುಡುಕುವುದು ಕಾಲದ ಆಟ. ಬಲೆ ಬಿಟ್ಟು ಗಂಟೆಗಟ್ಟಲೆ ಎಳೆಯೋದು, ಮೇಲೆತ್ತೋದು, ರಾಣಿಮೀನು ಬೇರೆ, ಬೊಂಡಾಸ ಬೇರೆ, ಸಿಗಡಿ ಬೇರೆ ಅಂತ ಆರಿಸಿ ಐಸಿಗೆ ಹಾಕೋದು, ತಿರುಗಿ ಬಲೆ ಬಿಡೋದು. ಹಗಲು ರಾತ್ರಿ ಇದೇ ಸುತ್ತು. ನಿದ್ದೆ ಅನ್ನೋದು ಎರಡು ಬಲೆಗಳ ನಡುವೆ ಸಿಕ್ಕಷ್ಟು. ಸಂಬಳ ಬಹುತೇಕ ಪಾಲಿನ ಲೆಕ್ಕ, ಮೇಲೆ ಬತ್ತೆ. ಡೀಸೆಲ್, ಐಸು ಕಳೆದು ಉಳಿದರೆ ಪಾಲು. ಉಳಿಯದಿದ್ದರೆ ಹತ್ತು ದಿನದ ದುಡಿಮೆ ನೀರುಪಾಲು.

ಧಕ್ಕೆಯ ಹೆಂಗಸರು

ಬೆಳಕು ಹರಿಯುವ ಮುಂಚೆ ಬೋಟು ಖಾಲಿಯಾಗಿ ಏಲಂ ಶುರು. ದೊಡ್ಡ ಅಂಜಲ್, ಮಾಂಜಿ ದೂರದ ದೊಡ್ಡ ಪೇಟೆಗೆ, ಬೊಂಡಾಸ ಕಾರ್ಖಾನೆಗೆ. ಬೂತಾಯಿಯಲ್ಲಿ ಒಂದು ಪಾಲು ಮೀನೆಣ್ಣೆ, ಮೀನುಹುಡಿ ಮಾಡುವಲ್ಲಿಗೆ. ಘಟ್ಟ ಹತ್ತೋದು ಇದೆಲ್ಲ ಕಳೆದು ಉಳಿದದ್ದು.

ಅದೇ ಏಲಂನಲ್ಲಿ ಬುಟ್ಟಿ ಹಿಡಿದ ಹೆಂಗಸರೂ ನಿಂತಿರುತ್ತಾರೆ. ಲಾರಿ ತುಂಬಿಸುವವರ ಜೊತೆ ಅವರೂ ಕೂಗಬೇಕು. ಮೀನು ಹೆಚ್ಚಿದ್ದಾಗ ಬುಟ್ಟಿ ಸುಲಭವಾಗಿ ತುಂಬುತ್ತೆ. ಈ ದಿನಗಳಲ್ಲಿ ಕೂಗು ಏರಿ ಏರಿ ಬುಟ್ಟಿಯ ಅಸಲೇ ಕೈಮೀರುತ್ತೆ. ಅದನ್ನೇ ಕೊಂಡು ಮನೆಮನೆಗೆ ಹೋದರೆ ಅಲ್ಲೂ ಹಾಸನದ್ದೇ ಪ್ರಶ್ನೆ: “ಇಷ್ಟಾ?” ಮಧ್ಯಾಹ್ನದೊಳಗೆ ಮಾರಲಿಲ್ಲವೋ, ಈ ಬಿಸಿಲಿಗೆ ಐಸಿನ ಖರ್ಚು ಬೇರೆ. ಉಳಿದದ್ದು ಉಪ್ಪು ಹಾಕಿ ಒಣಗಿಸಲಿಕ್ಕೆ. ಬಿಸಿಲಿನಿಂದ ಲಾಭ ಅಂದರೆ ಅದೊಂದೇ. ಮಳೆಗಾಲದಲ್ಲಿ ನಮ್ಮ ಸಂತೆಗಳಿಗೆ ಬರುವ ಕರ್ಮೀನಿನಲ್ಲಿ ಬಹಳಷ್ಟು ಕರಾವಳಿಯ ಮರಳಿನ ಮೇಲೆ ಹೆಂಗಸರು ಹೀಗೆ ಕಾಗೆ ಓಡಿಸುತ್ತಾ ಒಣಗಿಸಿದ್ದು.

ಏಳು ಜನ

ದುಡ್ಡಿನ ಮಾತು ಹಾಗಿರಲಿ. ೨೦೧೮ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ‘ಸುವರ್ಣ ತ್ರಿಭುಜ’ ಅನ್ನೋ ಬೋಟು ಏಳು ಜನರನ್ನು ಹೊತ್ತು ಆಳಸಮುದ್ರಕ್ಕೆ ಹೋಯಿತು. ಎರಡು ದಿನ ಸಂಪರ್ಕದಲ್ಲಿತ್ತು, ಆಮೇಲೆ ಸುದ್ದಿಯಿಲ್ಲ. ೨೦೧೯ರ ಜನವರಿಯಲ್ಲಿ ಮೀನುಗಾರರು ಬೋಟು ಕಟ್ಟಿಹಾಕಿ ಹೆದ್ದಾರಿಗೆ ಇಳಿದರು. ನೌಕಾಪಡೆ, ಕರಾವಳಿ ಕಾವಲು ಪಡೆ ಹುಡುಕಿದವು. ಏಳು ಮನೆಗಳು ಆ ವರ್ಷದ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ತಿಂಗಳು ಇದ್ದಾನೋ ಇಲ್ಲವೋ ತಿಳಿಯದೆ ಕಳೆದವು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿದೆ ಅನ್ನೋದು ಹೊರಬಿದ್ದದ್ದು ಮೇ ತಿಂಗಳಲ್ಲಿ. ಏಳು ಜನರಲ್ಲಿ ಯಾರೂ ತಿರುಗಿ ಬರಲಿಲ್ಲ. ಆ ಮೂರು ತಿಂಗಳೂ ಮಲ್ಪೆಯ ಮಿಕ್ಕ ಬೋಟುಗಳು ಎಂದಿನಂತೆ ಐಸು ತುಂಬಿಕೊಂಡು ಹೊರಡುತ್ತಲೇ ಇದ್ದವು. ಹೊರಡದೆ ಮಾಡೋದೇನು? ಕಣ್ಣ ಮುಂದೆ ಜೂನ್ ಇರುತ್ತದೆ.

ಜೂನ್ ೧ರಿಂದ ಜುಲೈ ೩೧ರ ತನಕ ೬೧ ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ನಾಡದೋಣಿಯವರು ಮಾತ್ರ ಕಡಲಿಗಿಳಿಯಬಹುದು. ದೂರದ ಹುಡುಗರು ರೈಲು ಹತ್ತುತ್ತಾರೆ, ಊರಿನವರು ಬಲೆ ಹೆಣೆಯುತ್ತಾ ಕೂರುತ್ತಾರೆ. ಆ ಎರಡು ತಿಂಗಳ ಅಕ್ಕಿ, ಮಕ್ಕಳ ಸ್ಕೂಲ್ ಫೀಜು ಎಲ್ಲ ಈ ಬರಗಾಲದ ಮೀನಿನಿಂದಲೇ ಹುಟ್ಟಬೇಕು.

ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ ೧೫ರಿಂದ ಜೂನ್ ೧೪ರ ತನಕ. ಅಲ್ಲಿ ಬೋಟು ಇಳಿದ ಮೇಲೆ ತಮಿಳುನಾಡಿನ ಮೀನು ಘಟ್ಟ ಇಳಿದು ಮಂಗಳೂರಿಗೆ ಹೋಗುವುದೂ ಉಂಟು. ಆಗ ಹಾಸನದಲ್ಲಿ ಬಂಗುಡೆ ಬಿಟ್ಟು ಗೊರೂರು ಡ್ಯಾಮಿನ ಕಟ್ಲ ಕೇಳುವವರೇ ಹೆಚ್ಚು. ಅದಕ್ಕೂ ಚೌಕಾಸಿ ತಪ್ಪೋದಿಲ್ಲ.