ಬರಗಾಲದ ಕೂಲಿ, ಬಾಳುವ ಒಡ್ಡು

ಬರಗಾಲದ ಕಾಮಗಾರಿ ಎಂದರೆ ಹೊಟ್ಟೆಪಾಡಿನ ಕೆಲಸ, ಎರಡು ಮಳೆಗೆ ಹರಿದು ಹೋಗುತ್ತದೆ ಎನ್ನುವವರಿದ್ದಾರೆ. ಹಾಗೇನಿಲ್ಲ. ಒಡ್ಡು ಉಳಿಯುವುದೂ ಒಡೆಯುವುದೂ ಹಾಕುವ ರೀತಿಯಲ್ಲಿದೆ.

2001ರಿಂದ 2004ರವರೆಗೆ ರಾಜ್ಯದಲ್ಲಿ ಸಾಲಾಗಿ ಮೂರು ವರ್ಷ ಬರ. ನಮ್ಮ ಇರಕಲ್ಲಗಡದ ಮಸಾರಿ ಹೊಲಗಳಲ್ಲಿ ಸಜ್ಜೆ ಮೊಣಕಾಲುದ್ದಕ್ಕೇ ಒಣಗಿತು. ಬಹಳ ಮಂದಿ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದರು. ಉಳಿದವರು ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಸರಕಾರದ ಒಡ್ಡಿನ ಕೆಲಸಕ್ಕೆ ಹೋದೆವು. 2001ರ ಸೆಪ್ಟೆಂಬರಿನಲ್ಲಿ ಶುರುವಾದ ಸಂಪೂರ್ಣ ಗ್ರಾಮೀಣ ರೋಜಗಾರ್ ಯೋಜನೆಯಲ್ಲಿ ಒಂದಾಳಿನ ದಿನಕ್ಕೆ 5 ಕಿಲೊ ಕಾಳು, ಕೂಲಿಯ ಕಾಲುಭಾಗವಾದರೂ ರೊಕ್ಕ ಎಂಬ ನಿಯಮವಿತ್ತು. ಮನಿಯಾಗ ಕಾಳಿಲ್ಲದಾಗ ಆ 5 ಕಿಲೊದ ಬೆಲೆ ಉಂಡವರಿಗೇ ಗೊತ್ತು.

ಅಳತೆ ಹೇಗೆ?

10 ಅಡಿ ಉದ್ದ, 10 ಅಡಿ ಅಗಲ, 1 ಅಡಿ ಆಳ ಕಡಿದರೆ 100 ಘನ ಅಡಿ, ಅಂದರೆ ಒಂದು ಬ್ರಾಸು. ಗುಂಡಿ ನಡುವೆ ಒಂದಿಷ್ಟು ನೆಲವನ್ನು ಕಡಿಯದೆ ಬಿಡಬೇಕು. ಆಳ ಅಳೆಯುವುದು ಅದರಿಂದಲೇ. ಒಂದು ಕಡೆ ಅಳತೆ ತಡವಾಯಿತು. ಅಷ್ಟರಲ್ಲಿ ಅಡ್ಡಮಳೆ ಬಂದು ಗುಂಡಿ ಹೂತು, ನಮ್ಮ ನಾಲ್ಕು ದಿನದ ದುಡಿಮೆ ಲೆಕ್ಕಕ್ಕೇ ಬರಲಿಲ್ಲ. ಆದ್ದರಿಂದ ಕಡಿದ ವಾರದೊಳಗೇ ಅಳತೆ ಕೇಳಿ ಪಡೆಯಬೇಕು.

ಒಡ್ಡು ಯಾಕೆ ಒಡೆಯುತ್ತದೆ?

1. ಮಟ್ಟ ತಪ್ಪಿದರೆ ನೀರೆಲ್ಲ ತಗ್ಗಿಗೆ ನುಗ್ಗುತ್ತದೆ. ಹೊಲದ ಗಡಿ ನೋಡಿ ಅಲ್ಲ, ಸಮಮಟ್ಟ ನೋಡಿ ಒಡ್ಡು ಹಾಕಬೇಕು.

2. ಮಣ್ಣಿನ ಗುಂಡಿಗಳನ್ನು ಒಡ್ಡಿನ ಬುಡಕ್ಕೇ ತೆಗೆಯಬಾರದು, ಒಂದೆರಡು ಅಡಿ ಬಿಡಬೇಕು. ಗುಂಡಿಗಳ ನಡುವೆಯೂ ಜಾಗ ಬಿಡಬೇಕು. ಇಲ್ಲದಿದ್ದರೆ ಅವೇ ಕೂಡಿ ಹಳ್ಳವಾಗುತ್ತವೆ.

3. ಹೆಂಟೆ ಒಡೆದು, ಅರ್ಧ ಅಡಿಗೊಮ್ಮೆ ತುಳಿದು ಏರಿಸಬೇಕು.

4. ಹೆಚ್ಚಾದ ನೀರಿಗೆ ಕಲ್ಲು ಹಾಸಿದ ಕೋಡಿ ಬೇಕೇ ಬೇಕು. ಬಹಳಷ್ಟು ಒಡ್ಡು ಒಡೆದದ್ದು ಕೋಡಿ ಇಲ್ಲದ್ದಕ್ಕೆ.

ಯಲಬುರ್ಗಾ ಕಡೆಯ ಎರೆ ಹೊಲದವರು ಇನ್ನೊಂದು ಗಮನಿಸಬೇಕು. ಎರೆಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ನೀರು ನಿಲ್ಲಿಸುವ ಸಮಮಟ್ಟದ ಒಡ್ಡಿಗಿಂತ, ಮೆಲ್ಲಗೆ ಹೊರಹೋಗಲು ತುಸು ಇಳುಕಲು ಕೊಟ್ಟ ಒಡ್ಡು ವಾಸಿ.

ನನ್ನ ಹೊಲದ ಮೇಲ್ಗಡೆಯ ಒಡ್ಡು ಆ ಬರದಲ್ಲಿ ಹಾಕಿದ್ದು, ಇನ್ನೂ ಗಟ್ಟಿಯಾಗಿದೆ. ಮೈತುಂಬ ಹುಲ್ಲಿದೆ, ಎತ್ತಿಗೆ ಮೇವೂ ಆಗುತ್ತದೆ. ಮಳೆ ಕೈಕೊಟ್ಟಾಗ ಒಡ್ಡಿನ ಮಗ್ಗುಲಿನ ತೊಗರಿ ಉಳಿದದ್ದಕ್ಕಿಂತ ಒಂದು ವಾರ ಹೆಚ್ಚು ತಡೆಯುತ್ತದೆ. ಒಣಬೇಸಾಯದಾಗ ಒಂದು ವಾರ ಅಂದ್ರ ಕಡಿಮಿ ಏನಲ್ಲ.

ಮುಂಗಾರಿಗೆ ಮೊದಲು ಒಡ್ಡಿನ ಮೇಲೆ ಒಮ್ಮೆ ನಡೆದು ನೋಡಿರಿ. ಇಲಿಬಿಲ, ಕುಸಿದ ಜಾಗಕ್ಕೆ ಆಗ ಎರಡು ಬುಟ್ಟಿ ಮಣ್ಣು ಸಾಕು. ಒಡೆದ ಮೇಲೆ ಎರಡು ಗಾಡಿಯೂ ಸಾಲದು.